ಒಲೆಯ ಮುಂದೆ ಕಟ್ಟಿದ ಗಂಟು

ನಮ್ಮೂರಿನಲ್ಲಿ ಯಾರಾದರೂ ಪರವೂರಿಗೆ ಹೊರಟು ನಿಂತರೆ ಎದುರಿಗೆ ಸಿಕ್ಕವರು ಮೊದಲು ಕೇಳುವ ಮಾತು, “ಏನ ಕಟ್ಟೀರಿ?” ಎಂದು. ಸೀರೆ ಎಷ್ಟು, ಉಂಡಿ ಎಷ್ಟು ಎಂಬುದು ಯಾರಿಗೂ ಬೇಕಿಲ್ಲ. ಗಂಟು ಕಟ್ಟುವ ಹೊತ್ತಿನಲ್ಲಿ ಎಂಥ ಹವೆ ಇತ್ತು ಎಂಬುದು ಬೇಕು. ಎಳೆಬಿಸಿಲಿನಲ್ಲಿ ಕಟ್ಟಿದ್ದರೆ ಪರವೂರಿನ ಕೋಣೆಯಲ್ಲಿ ಬಿಚ್ಚಿದಾಗ ಎಳೆಬಿಸಿಲು ಬರುತ್ತದೆ, ಮಳೆಯಲ್ಲಿ ಕಟ್ಟಿದ್ದರೆ ಮಳೆ. ಬಂದ ಹವೆ, ಮತ್ತೆ ಗಂಟು ಹಾಕುವ ತನಕ ಆ ಕೋಣೆ ಬಿಟ್ಟು ಕದಲುವುದಿಲ್ಲ. ಹೀಗಾಗಿ ನಾವು ನಾಳೆ ಹೊರಡಬೇಕೆಂದರೆ ಇವತ್ತು ಸಾಮಾನು ಜೋಡಿಸುವ ಜನರಲ್ಲ. ಬೇಸಿಗೆಯ ಪ್ರಯಾಣಕ್ಕೆ ಮಾಗಿಯಲ್ಲಿ, ಮಾಗಿಯ ಪ್ರಯಾಣಕ್ಕೆ ಯುಗಾದಿ ಆದಮೇಲೆ, ಅಂಗಳದಲ್ಲಿ ಕೂತು ಗಂಟು ಕಟ್ಟಿ ಅಟ್ಟಕ್ಕೇರಿಸುತ್ತೇವೆ. ಅಂಗಳದಲ್ಲೇ ಏಕೆ ಎಂದು ಕೇಳಿದವರಿಲ್ಲ. ಅತ್ತೆ ಕೂತು ಕಟ್ಟಿದ ಜಾಗದಲ್ಲಿ ಸೊಸೆಯೂ ಕೂತು ಕಟ್ಟಿದಳು, ಅಷ್ಟೆ.

ಇದರಲ್ಲಿ ಫಜೀತಿ ಇಲ್ಲವೆಂದಲ್ಲ. ನಮ್ಮ ಯಜಮಾನರು ತೆಳ್ಳಗಿದ್ದ ಕಾಲದಲ್ಲಿ ಕಟ್ಟಿಟ್ಟಿದ್ದ ಒಂದು ತಂಪುಗಂಟನ್ನು ದಪ್ಪಗಾದ ಕಾಲದಲ್ಲಿ ಗೆಳೆಯನ ಮಗನ ಮದುವೆಗೆ ಒಯ್ದರು. ಬಿಡದಿಯಲ್ಲಿ ಬಿಚ್ಚಿದರೆ ಹವೆ ಬಲು ಸೊಗಸು, ಅಂಗಿಯ ಗುಂಡಿ ಮಾತ್ರ ಒಂದೂ ಬೀಳಲಿಲ್ಲ. ಮದುವೆ ಮುಗಿಯುವ ತನಕ ಶಾಲು ಹೊದ್ದು ಕೂತಿದ್ದರು. ಕೆಲವರು ಪೇಟೆಯಿಂದ ಜಿಪ್ಪಿನ ಚೀಲ ತಂದೂ ನೋಡಿದರು. ಜಿಪ್ಪಿಗೆ ಹವೆ ನಿಲ್ಲುವುದಿಲ್ಲ, ದಾರಿಯಲ್ಲೇ ಸೋರಿಹೋಗುತ್ತದೆ. ಹಾಗೆ ಸೋರಿದ ಒಂದು ಆಲಿಕಲ್ಲು ಮಳೆಯಿಂದ ಬಸ್ಸಿನ ಮುಂದಿನ ಸೀಟಿನವರ ತಲೆ ಬುಗುಟೆ ಎದ್ದ ಮೇಲೆ, ನಮ್ಮ ಮಾರ್ಗದ ಕಂಡಕ್ಟರು ಟಿಕೇಟು ಹರಿಯುವ ಮೊದಲು ಗಂಟು ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರ ಕೈ ಬಿಚ್ಚಿದರೆ ಹವೆ ಬರುವುದೇನೋ ಬರುತ್ತದೆ, ಒಂದು ಹೊತ್ತು ಇದ್ದು ಹೊರಟುಹೋಗುತ್ತದೆ. ಆದ್ದರಿಂದ ನಮ್ಮೂರಿನಲ್ಲಿ ಗಂಟಿನ ಕಡ ಕೊಡುವ ಪದ್ಧತಿ ಇಲ್ಲ.

ಶಾವಂತ್ರೆವ್ವ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ, ಅತ್ತ ಒಗ್ಗರಣೆ ಹಾಕಿದರೆ ಇತ್ತ ನಾವು ಸೀನುತ್ತೇವೆ. ಅವಳಂಥ ಮುಂಧೋರಣೆಯ ಹೆಂಗಸನ್ನು ನಾನು ಕಂಡಿಲ್ಲ. ಒಬ್ಬಳೇ ಮಗಳು ಸುವರ್ಣಾಳನ್ನು ಗುಡ್ಡದ ಮೇಲಿನ ಊರಿಗೆ ಕೊಟ್ಟಳು. ಆ ಊರಿನಲ್ಲಿ ಮಳೆಗಾಲ ಹಿಡಿದರೆ ಮೋಡವೇ ಮನೆಯೊಳಗೆ ಬಂದು ಮಂಚದ ಮೇಲೆ ಕೂತುಕೊಳ್ಳುತ್ತದೆ, ದಸರೆಯ ತನಕ ಸೂರ್ಯನ ಮುಖ ಕಾಣುವುದಿಲ್ಲ, ಮಾಗಿಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಬೇಕು. ಮದುವೆಯಾದ ವರ್ಷವೇ ಶಾವಂತ್ರೆವ್ವ ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ, ಬೇವು ಹೂಬಿಟ್ಟು ಬಿಸಿಲು ಇನ್ನೂ ಮೈಗೆ ಹಿತವಾಗಿದ್ದಾಗ, ಅಂಗಳದಲ್ಲಿ ಕೂತು ಆ ಮನೆಯ ಪದ್ಧತಿಯಂತೆ ಗಂಡನ ಮನೆಯಲ್ಲೇ ಆಗುವ ಮಗಳ ಬಾಣಂತನಕ್ಕೆಂದು ಗಂಟು ಕಟ್ಟಿದಳು. ಕುಂಚಿಗೆ, ಕುಲಾವಿ, ಒಣಶುಂಠಿ, ಅಜವಾನ, ಹಳೆಯ ಧೋತರದ ಮೆತ್ತನೆಯ ಅರಿವೆ. ಮಗಳು ಆಗಿನ್ನೂ ಗಂಡನ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದು, ಸೋಡಾದ ಡಬ್ಬಿ ಯಾವುದು ಎಂದು ಹುಡುಕುತ್ತಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಾನು ಅವಳೆದುರು ಆಡಿದೆ. “ಆಡಕೋ ನೀನು” ಎಂದಳು, “ಬಿಸಿಲು ಬೇಕಂದಾಗ ಬಿಸಿಲು ಬರತೈತೇನು?” ದೃಷ್ಟಿ ತಾಗಬಾರದೆಂದು ಆ ಗಂಟನ್ನು ಕಪ್ಪು ಸೀರೆಯಲ್ಲಿ ಕಟ್ಟಿದ್ದಳು. ಮುಂದೆ ಎಲ್ಲ ಕೆಟ್ಟುಹೋದದ್ದು ಆ ಕಪ್ಪು ಬಣ್ಣದಿಂದಲೇ.

ನಮ್ಮ ಭಾವ ಅಡಿವೆಪ್ಪನವರದು ಛತ್ರಿ ರಿಪೇರಿಯ ಕೆಲಸ. ಮಳೆಗಾಲ ಬಂದರೆ ಅವರ ಪಡಸಾಲೆಯ ತುಂಬ ಕಡ್ಡಿ ಮುರಿದ, ಬಟ್ಟೆ ಹರಿದ ಛತ್ರಿಗಳು ಬಾವಲಿಗಳ ಹಾಗೆ ತೂಗಾಡುತ್ತವೆ. ಸುವರ್ಣಾ ಬಸುರಿಯಾದ ವರ್ಷ ಆಷಾಢದಲ್ಲಿ ತೇಪೆಗೆ ಕಪ್ಪು ಬಟ್ಟೆ ಸಾಲದಾಯಿತು. ಶಾವಂತ್ರೆವ್ವ ಸಂತೆಗೆ ಹೋಗಿದ್ದಳು. ಭಾವ ಅಟ್ಟ ಹತ್ತಿದರು, ಕಪ್ಪು ಗಂಟು ಕಂಡರು, ಪಡಸಾಲೆಗೆ ತಂದು ಬಿಚ್ಚಿಯೂಬಿಟ್ಟರು. ಗೋಡೆಯ ಈಚೆ ನಾನು ಜೋಳ ಹಸನು ಮಾಡುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಅವರ ಮನೆಯ ಕಿಟಕಿಯಿಂದ ಮಾತ್ರ ಹಳದಿ ಬಿಸಿಲು ಓಣಿಗೆ ಬಿದ್ದಿತ್ತು. ಓಡಿಹೋಗಿ ನೋಡಿದರೆ ಪಡಸಾಲೆಯಲ್ಲಿ ಯುಗಾದಿಯ ಬೆಳಗು, ಬೇವಿನ ಹೂವಿನ ವಾಸನೆ, ನಡುವೆ ಭಾವ ಕಪ್ಪು ಸೀರೆ ಹಿಡಿದು ನಗುತ್ತ ನಿಂತಿದ್ದಾರೆ. ಸುದ್ದಿ ಓಣಿಗೆ ಹಬ್ಬಲು ಹೊತ್ತು ಹಿಡಿಯಲಿಲ್ಲ. ವಾರದಿಂದ ಒಣಗದ ಬಟ್ಟೆಗಳನ್ನು ಹೊತ್ತುಕೊಂಡು ಎಲ್ಲರೂ ಬಂದರು, ಒಬ್ಬಳು ಹಪ್ಪಳದ ಹಿಟ್ಟನ್ನೇ ತಂದಳು. ಸುಳ್ಳೇಕೆ ಹೇಳಲಿ, ನನ್ನ ಎರಡು ಸೀರೆಗಳೂ ಅಲ್ಲಿ ಒಣಗಿದವು.

ಶಾವಂತ್ರೆವ್ವ ಸಂತೆಯಿಂದ ಬರುವ ಹೊತ್ತಿಗೆ ಬಿಸಿಲು ಮುಗಿದು, ಮೂಲೆಯಲ್ಲಿ ಅಂಗೈಯಷ್ಟು ಉಳಿದಿತ್ತು. ಅವಳು ನೋಡುತ್ತಿದ್ದ ಹಾಗೆ ಅದೂ ಹೋಯಿತು. ಭಾವ ಹೇಳಿದರು, “ಕರೀ ಅರಿವಿ ಹುಡುಕಾಕ ಹತ್ತಿದ್ದೆ. ಗಂಟಿನ ಮ್ಯಾಲ ಏನರ ಗುರುತು ಇತ್ತೇನು?” ಅವಳು ಬಯ್ಯಲಿಲ್ಲ. ಬುಟ್ಟಿ ಇಳಿಸಿ, ಚೆಲ್ಲಿದ್ದ ಕುಲಾವಿಗಳನ್ನು ಒಂದೊಂದೇ ಮಡಿಸಿದಳು. ಕೊನೆಗೆ ಇಷ್ಟೇ ಅಂದಳು: “ಊರ ಮಂದಿ ಛತ್ರಿ ಹೊಲಿಯಾಕ ಹೋಗಿ ಮಮ್ಮಗನ ಆಕಾಶ ಹರದ್ರಿ.” ಭಾವ ಗಂಟುಮೋರೆ ಹಾಕಿಕೊಂಡು ಕೂತರು. ಹೆರಿಗೆ ದೀಪಾವಳಿಗೆ, ದಸರೆ ಆದಮೇಲೆ ಒಳ್ಳೆಯ ಬಿಸಿಲು ಬಂದೇ ಬರುತ್ತದೆ, ಆಗ ಮತ್ತೊಂದು ಕಟ್ಟಿದರಾಯಿತು ಎಂದು ನಾನು ಸಮಾಧಾನ ಹೇಳಿದೆ. ಲೆಕ್ಕಕ್ಕೆ ನನ್ನ ಮಾತು ಸರಿಯಾಗಿಯೇ ಇತ್ತು. ಕೂಸಿಗೆ ಯಾರೂ ಲೆಕ್ಕ ಹೇಳಿರಲಿಲ್ಲ.

ಪಂಚಮಿ ಕಳೆದು ಸ್ವಲ್ಪ ದಿನಕ್ಕೆ, ಶ್ರಾವಣದ ಮಳೆ ಹಿಡಿದಿದ್ದಾಗ, ಅಳಿಯನ ಫೋನು ನಮ್ಮ ಮನೆಗೆ ಬಂತು. ಆ ಕಡೆಯವರ ಮಾತು ಮೆತ್ತಗೆ. “ಚಿಕ್ಕತ್ತೆ, ಹೆಣ್ಣು ಮಗು ಆಗಿದೆ. ಅವಧಿಗೆ ಮುಂಚೆ ಆಯ್ತು, ಬಹಳ ಸಣ್ಣದು. ಆಸ್ಪತ್ರೆಯವ್ರು ಮನೆಗೆ ಕಳ್ಸಿದಾರೆ, ಬೆಚ್ಚಗಿಟ್ಕೊಳ್ಳಿ ಅಂದಿದಾರೆ. ಈ ಊರಲ್ಲಿ ಬೆಚ್ಚಗಿಡೋದು ಹೇಗೆ ಅಂತ ಮಾತ್ರ ಹೇಳ್ಲಿಲ್ಲ.” ಗಾಳಿಗೆ ಕಂಬ ಬಿದ್ದು ಅಲ್ಲಿ ಕರೆಂಟೂ ಇರಲಿಲ್ಲ. ಕಟ್ಟಿಗೆ ಹಸಿ, ಅಗ್ಗಿಷ್ಟಿಕೆಯಲ್ಲಿ ಬೆಂಕಿಗಿಂತ ಹೊಗೆ ಹೆಚ್ಚು. ಹೊಗೆ ಎಳೆಗೂಸಿಗೆ ಆಗದು. ಶಾವಂತ್ರೆವ್ವ ಎಲ್ಲವನ್ನೂ ಕೇಳಿಸಿಕೊಂಡು, “ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ” ಎಂದಳು. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ನನ್ನ ಅಟ್ಟದಲ್ಲಿ ಇದ್ದದ್ದು ಒಂದು ತಂಪುಗಂಟು, ಬೆಂಕಿಯಂಥ ಊರಿನಲ್ಲಿರುವ ನನ್ನ ತಮ್ಮನ ಮನೆಗೆಂದು ಕಟ್ಟಿದ್ದು. ಅದನ್ನು ಅಲ್ಲಿಗೆ ಒಯ್ಯುವುದೆಂದರೆ ನಡುಗುವವನಿಗೆ ಬೀಸಣಿಗೆ ಕೊಟ್ಟ ಹಾಗೆ.

ಬಿಸಿಲಗಂಟು ಇರುವವರು ಯಾರಾದರೂ ಜೊತೆಗೆ ಬಂದು ಬಿಚ್ಚಿಕೊಟ್ಟಾರೇನೋ ಎಂದು ಅವಳು ಮಳೆಯಲ್ಲಿ ಓಣಿ ಸುತ್ತಿದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಗುರುಸಿದ್ದವ್ವಜ್ಜಿಯ ಹತ್ತಿರ ಒಳ್ಳೆಯ ಬಿಸಿಲಿತ್ತು, ಬಸ್ಸು ಹತ್ತಲು ಕಾಲಿರಲಿಲ್ಲ. ಹಿಂದಿನ ಓಣಿಯ ಮಾಸ್ತರು ಪಾಪ ತಾವೇ ಗಂಟು ಹಿಡಿದು ಬಂದರು. ವಿಚಾರಿಸಿದರೆ ಅದು ಕಾಮಣ್ಣನ ಹಬ್ಬದ ಮರುದಿನ ನಡುಮಧ್ಯಾಹ್ನ ಕಟ್ಟಿದ್ದು. “ಮಾಸ್ತರ, ಅದನ್ನ ಬಿಚ್ಚಿದ್ರ ಕೂಸು ಹಪ್ಪಳ ಆಗತೈತಿ” ಎಂದು ಅವಳೇ ಕೈಮುಗಿದು ಕಳಿಸಿದಳು. ಅಂಗಳದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಇನ್ನು ಏನು ಕಟ್ಟಿದರೂ ಮಳೆಯನ್ನೇ ಕಟ್ಟಬೇಕು.

ಛತ್ರಿ ಹಿಡಿದು ನಾನು ಅವರ ಅಡುಗೆಮನೆಯ ಬಾಗಿಲಿಗೆ ಹೋದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಗಂಡನಿಗೆ ಇರಲೆಂದು ರೊಟ್ಟಿ ಬಡಿಯುತ್ತ, ನಡುನಡುವೆ ಕೈ ಒರೆಸಿಕೊಂಡು ಸಾಮಾನು ಜೋಡಿಸುತ್ತಿದ್ದಳು. ಮಗ್ಗುಲಲ್ಲಿ ಹಳೆಯ ಇಳಕಲ್ಲ ಸೀರೆ ಹಾಸಿತ್ತು. ಅದರ ಮೇಲೆ ಕುಂಚಿಗೆ ಬಿತ್ತು, ಅಜವಾನ ಬಿತ್ತು, ಹಂಚಿನ ಮೇಲೆ ರೊಟ್ಟಿ ಬಿತ್ತು. ಒಲೆಯ ಮೇಲಿನ ಹಗ್ಗದಲ್ಲಿ ಭಾವನ ಅಂಗಿ ಒಣಗುತ್ತಿತ್ತು, ಬೆಕ್ಕು ಬೂದಿಯ ಹತ್ತಿರ ಮಲಗಿತ್ತು. ಆಗತಾನೇ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಿದ್ದಳು. “ಬಸ್ಸು ಬರೂ ಹೊತ್ತಾತು” ಎಂದೆ. “ಇದೊಂದು ಉಂಡಿ ಹಿಟ್ಟು ಉಳದೈತಿ, ಬಡದು ಬರ್ತೀನಿ.” “ಬಸ್ಸು ನಿನ್ನ ರೊಟ್ಟಿಗೆ ಕಾಯೂದಿಲ್ಲಕ್ಕ.” ಭಾವ ಹಿಂದಿನಿಂದ, “ಹೋಗ, ಅದನ್ನ ನಾ ಬಡೀತೀನಿ” ಎಂದರು. ಜನ್ಮದಲ್ಲಿ ಹಿಟ್ಟು ಮುಟ್ಟದ ಮನುಷ್ಯ. ಅವಳು ಅವರನ್ನು ಒಮ್ಮೆ ನೋಡಿ, ಸೀರೆಯ ನಾಲ್ಕು ಮೂಲೆ ಎಳೆದು, ಕೂತಲ್ಲಿಯೇ ಬಿಗಿಯಾಗಿ ಗಂಟು ಹಾಕಿದಳು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಮಾಡಿನ ಹಂಚಿನ ಮೇಲೆ. ಅವಳೂ ಅದನ್ನೇ ಕೇಳಿದಳು, ನಾನೂ ಅದನ್ನೇ ಕೇಳಿದೆ. ಗಂಟಿನೊಳಗೆ ಮಳೆ ಹೊಕ್ಕಿತೆಂದೇ ಇಬ್ಬರೂ ತಿಳಿದೆವು.

ಬಸ್ಸಿನಲ್ಲಿ ಕಂಡಕ್ಟರು ಕೇಳಿದ. “ಮಳಿ” ಎಂದೆ. ಅವನು ಮೆಣಸಿನಕಾಯಿ ಚೀಲಗಳಿಂದ ದೂರ, ಹಿಂದಿನ ಸೀಟಿಗೆ ನಮ್ಮನ್ನು ಕಳಿಸಿದ. ಘಟ್ಟ ಹತ್ತುವಾಗ ಶಾವಂತ್ರೆವ್ವ ತೊಡೆಯ ಮೇಲಿನ ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. “ಬಿಸಿಲು ಕಟ್ಟಿ ನಾಕು ವರ್ಷ ಕಾಯ್ದಿಟ್ಟೆ” ಎಂದಳು ಒಂದು ಸಲ, “ಕಡೀಕ ಮಳಿ ತಗೊಂಡು ಬಾಣಂತಿ ಮನಿಗೆ ಹೊಂಟೀನಿ. ಯಾವ ತಾಯಿ ಹಿಂಗ ಹೋಗ್ತಾಳ?” ನಾನು ಬುತ್ತಿಯ ರೊಟ್ಟಿ ಮುರಿದು ಕೊಟ್ಟೆ, ತಿನ್ನಲಿಲ್ಲ.

ಬೀಗಿತಿ ತಾಯಮ್ಮನವರು ಬಾಗಿಲಲ್ಲೇ ನಿಂತಿದ್ದರು. ಒಳ್ಳೆಯ ಹೆಂಗಸು, ಆದರೆ ಮಾತು ಒಳಗಿಟ್ಟುಕೊಂಡರೆ ಹುಳಿಯುತ್ತದೆ ಎಂದು ನಂಬಿದವರು. ಕೋಣೆಯಲ್ಲಿ ಸುವರ್ಣಾ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಎದೆಗೆ ಒತ್ತಿಕೊಂಡಿದ್ದ ಕೂಸು, ದೇವರಾಣೆ, ನಮ್ಮ ಬೆಕ್ಕಿನ ಮರಿಗಿಂತ ದೊಡ್ಡದಿರಲಿಲ್ಲ. ಅಳಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಸುವರ್ಣಾ ತಾಯಿಯನ್ನು ನೋಡಿ ಮೊದಲು ಕೇಳಿದ್ದು, “ಅವ್ವಾ, ಬಿಸಿಲು ತಂದೀ?” ಎಂದು. ಕಪ್ಪು ಸೀರೆಯ ಗಂಟಿನ ವಿಷಯ ಅವಳಿಗೆ ಗೊತ್ತಿತ್ತು. ಅದು ಛತ್ರಿ ತೇಪೆಯಾದ ವಿಷಯ ಗೊತ್ತಿರಲಿಲ್ಲ. ಶಾವಂತ್ರೆವ್ವ ಮಗಳ ತಲೆ ಸವರಿ, “ನಾ ಬಂದೀನಲ್ಲವಾ” ಎಂದಳು. ಗಂಟನ್ನು ಒಳಗೆ ತರಲಿಲ್ಲ, ಜಗಲಿಯ ತುದಿಯಲ್ಲಿ ಇಟ್ಟು ಅದರ ಮೇಲೆ ಒಂದು ಬುಟ್ಟಿ ಕವುಚಿದಳು.

ಮಾರನೆಯ ದಿನವೂ ಗಂಟು ಬಿಚ್ಚಲಿಲ್ಲ. ಉಟ್ಟ ಸೀರೆಯಲ್ಲೇ ಇದ್ದಳು. ಅಜವಾನ ಬೇಕಾದಾಗ ಪಕ್ಕದ ಮನೆಗೆ ಕೇಳಿಕೊಂಡು ಹೋದಳು, ಕೂಸಿಗೆ ಅಲ್ಲಿಯ ಒದ್ದೆ ಅರಿವೆಯನ್ನೇ ತನ್ನ ಹೊಟ್ಟೆಗೆ ಸುತ್ತಿಕೊಂಡು ಒಣಗಿಸಿ ಹಾಕಿದಳು. ತಾಯಮ್ಮನವರು ನೋಡುವಷ್ಟು ನೋಡಿದರು. “ಏನಮ್ಮಾ ಬೀಗಿತಿ, ಹೊರೆಯಷ್ಟು ದೊಡ್ಡ ಗಂಟು ತಂದು ಹೊರಗೆ ಮುಚ್ಚಿಟ್ಟಿದೀರಿ. ನಮಗೆ ತೋರಿಸಬಾರದ್ದು ಏನಿದೆ ಅದರಲ್ಲಿ?” ಶಾವಂತ್ರೆವ್ವ ತಲೆ ತಗ್ಗಿಸಿದಳು. “ಮಳಿ ಐತ್ರಿ ಅದರಾಗ” ಎಂದಳು. “ನಮ್ಮಲ್ಲಿ ಬಿಸಿಲಿರಲಿಲ್ಲ. ಬಿಚ್ಚಿದ್ರ ಇರೂ ಮಳಿಗೆ ಇನ್ನೊಂದು ಮಳಿ ಆಗತೈತಿ.” ಸುವರ್ಣಾ ಒಳಗಿನಿಂದ ಕೇಳಿಸಿಕೊಂಡಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನನಗೆ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅದರ ಮರುದಿನ ಮಧ್ಯಾಹ್ನ ಕೂಸಿನ ಪಾದ ತಣ್ಣಗಾಯಿತು. ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಳಿಯ ಗಾಡಿ ತರಲೆಂದು ಓಡಿದ, ಆದರೆ ರಸ್ತೆಯ ಮೇಲೆ ಮರ ಬಿದ್ದಿದೆ ಎಂದು ಬೆಳಗಿನಿಂದಲೇ ಸುದ್ದಿ ಇತ್ತು. ಗಂಟಿನೊಳಗೆ ಉಣ್ಣೆಯ ಕುಂಚಿಗೆ ಇತ್ತು, ದಪ್ಪನೆಯ ಕಾಲುಚೀಲ ಇತ್ತು, ಎಲ್ಲ ನಮ್ಮೂರಿನಲ್ಲಿ ಒಣಗಿದ ಬೆಚ್ಚನೆಯ ಬಟ್ಟೆ. ಶಾವಂತ್ರೆವ್ವ ಎದ್ದಳು. “ಹಿತ್ತಲದಾಗ, ಅಗದೀ ದೂರ ಹೋಗಿ ಬಿಚ್ಚೂಣು. ಮಳಿ ಅಲ್ಲೇ ಸುರೀಲಿ. ಅರಿವಿ ತೋಯದಂಗ ನೀ ಛತ್ರಿ ಹಿಡಿ” ಎಂದಳು. ಹಿತ್ತಲಿನ ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗಂಟಿಟ್ಟೆವು. ಮಂಜಿನಲ್ಲಿ ಮನೆಯೇ ಕಾಣುತ್ತಿರಲಿಲ್ಲ. ಭಾವ ತೇಪೆ ಹಾಕಿದ ಛತ್ರಿಯನ್ನು ನಾನು ಅರಳಿಸಿ ಹಿಡಿದೆ. ಗಂಟು ಬಿಗಿದುಹೋಗಿತ್ತು, ಅವಳು ಹಲ್ಲು ಹಚ್ಚಿ ಸಡಿಲಿಸಿದಳು.

ಮೊದಲು ಬಂದದ್ದು ಬೆಳ್ಳುಳ್ಳಿಯ ಒಗ್ಗರಣೆಯ ವಾಸನೆ. ನಾನು ಸೀನಿದೆ. ಆಮೇಲೆ ಮುಖಕ್ಕೆ ಕಾವು ಬಡಿಯಿತು, ಒಲೆಯ ಬಾಯಿಯ ಹತ್ತಿರ ಬಗ್ಗಿದಾಗ ಬಡಿಯುತ್ತದಲ್ಲ, ಅಂಥದು. ಹೊಗೆ ಇರಲಿಲ್ಲ, ಬರೀ ಕಾವು, ಕೆಂಡದ್ದು, ಕಾದ ಹಂಚಿನದ್ದು, ಜೋಳದ ಹಿಟ್ಟು ಬೇಯುವ ವಾಸನೆಯದ್ದು. ಒಗೆಯುವ ಕಲ್ಲಿನ ಸುತ್ತ ಮಂಜು ಹಿಂದೆ ಸರಿಯಿತು. ಎಲ್ಲೋ ಮೇಲೆ, ದೂರದಲ್ಲಿ, ಮಾಡಿನ ಮೇಲೆ ಮಳೆ ಬೀಳುವ ಸದ್ದಿತ್ತು, ಒಳಗೆ ಬೆಚ್ಚಗೆ ಕೂತವರಿಗೆ ಕೇಳುವ ಮಳೆ. ಶಾವಂತ್ರೆವ್ವ ಬಾಯಿಗೆ ಕೈಯಿಟ್ಟುಕೊಂಡಳು. “ಇದು ನಮ್ಮ ಅಡಗಿಮನಿ” ಎಂದಳು. ಮರುಕ್ಷಣ ಸೀರೆಯ ಮೂಲೆಗಳನ್ನು ಎಳೆದು ಮತ್ತೆ ಗಂಟು ಹಾಕಿ, ಅದನ್ನು ಎದೆಗೆ ಅಪ್ಪಿಕೊಂಡು ಮನೆಯ ಕಡೆ ಓಡಿದಳು. ಅವಳು ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ.

ಬಾಣಂತಿ ಕೋಣೆಯಲ್ಲಿ ಬಿಚ್ಚಿದಾಗ ಗೋಡೆಯ ಒದ್ದೆ ಮೇಲಿನಿಂದ ಕೆಳಕ್ಕೆ ಸೀರೆಯ ಅಂಚು ಸರಿದ ಹಾಗೆ ಆರಿತು. ಸುವರ್ಣಾ ಕಣ್ಣು ಮುಚ್ಚಿಕೊಂಡು ಒಮ್ಮೆ ಉಸಿರೆಳೆದು, “ಅವ್ವಾ, ರೊಟ್ಟಿ ಸೀಯಾಕತ್ತೈತಿ, ತಿರುವಿ ಹಾಕ” ಎಂದಳು. ತಾಯಿ ಮಗಳಿಬ್ಬರೂ ಅತ್ತರು. ನಾನು ಅಳಲಿಲ್ಲ, ಬೆಳ್ಳುಳ್ಳಿ ಘಾಟಿಗೆ ಕಣ್ಣಲ್ಲಿ ನೀರು ಬಂತು. ತಾಯಮ್ಮನವರು ಬಾಗಿಲಲ್ಲಿ ನಿಂತು ಸುತ್ತ ನೋಡಿ, “ಮಳೆ ಅಂದ್ರಲ್ಲ ಬೀಗಿತಿ” ಎಂದವರು, ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತು, ಮೊಣಕಾಲು ನೀವಿಕೊಂಡರು. ಸಂಜೆಯ ಹೊತ್ತಿಗೆ ಕೂಸಿನ ಪಾದ ಕೆಂಪಾಯಿತು. ಕತ್ತಲಾಗುವ ಮುಂಚೆ ಅದು ಮೊದಲ ಸಲ ಗಟ್ಟಿಯಾಗಿ ಅತ್ತಿತು. ಆ ಮನೆಯವರು ಆ ಅಳುವನ್ನು ಹಾಡು ಕೇಳಿದ ಹಾಗೆ ಕೂತು ಕೇಳಿದರು.

ಕೆಲವು ದಿನ ಕಳೆದ ಮೇಲೆ ಭಾವನ ಫೋನು ಬಂತು. ಕೂಸಿನ ಸುದ್ದಿಯನ್ನೆಲ್ಲ ಕೇಳಿ ಆದಮೇಲೆ, “ಒಂದು ಮಾತು” ಎಂದರು. “ನೀವು ಹೋದಾಗಿಂದ ಅಡಗಿಮನ್ಯಾಗ ಒಲಿ ಹತ್ತವಲ್ದು. ಚಿಮಣಿ ಎಣ್ಣಿ ಹಾಕಿ ನೋಡಿದೆ, ಕರಪೂರ ಇಟ್ಟು ನೋಡಿದೆ. ಕಡ್ಡಿ ಗೀರಿ ಒಲಿ ಹತ್ರ ಒಯ್ದ ಕೂಡ್ಲೇ ಆರತೈತಿ. ಗಡಿಗಿ ನೀರು ಬಾವಿ ನೀರಿನಂಗ ಕೊರೀತೈತಿ. ಬೆಕ್ಕು ನಿಮ್ಮ ಕಲ್ಲವ್ವನ ಮನೀಗೆ ಹೋಗಿ ಕುಂತೈತಿ.” ಕಲ್ಲವ್ವ ಎಂದರೆ ನಾನು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಕಾಶದಿಂದ ಒಂದು ಗಂಟು ಹವೆ ಹೋದರೆ ಆಕಾಶಕ್ಕೆ ಏನೂ ತಿಳಿಯುವುದಿಲ್ಲ. ಅಡುಗೆಮನೆ ಆಕಾಶದಷ್ಟು ದೊಡ್ಡದಲ್ಲ. ಅವಳು ಒಂದು ಗಂಟು ಕಟ್ಟಿದ್ದಕ್ಕೆ ಅದರಲ್ಲಿದ್ದ ಕಾವೆಲ್ಲ ಬಂದುಬಿಟ್ಟಿತ್ತು, ನಮ್ಮತ್ತೆ ಆ ಒಲೆ ಹೂಡಿದಂದಿನಿಂದ ಕೂಡಿದ್ದೆಲ್ಲ. ಶಾವಂತ್ರೆವ್ವ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಆ ಒಲೆಯ ಮುಂದೆಯೇ ಅವಳು ಮದುವಣಗಿತ್ತಿಯಾಗಿ ಹಾಲು ಉಕ್ಕಿಸಿದ್ದಳು, ಆ ಒಲೆಯ ಕಾವಿಗೇ ಸುವರ್ಣಾಳನ್ನು ಎರೆದು ಮಲಗಿಸಿದ್ದಳು. ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿ, “ಬರೂ ಮುಂದ ಕಟ್ಟಿಕೊಂಡು ಬರ್ಲೇನ್ರಿ?” ಎಂದು ಕೇಳಿದಳು. ಆ ಕಡೆಯಿಂದ ಭಾವ, “ಬ್ಯಾಡ” ಎಂದರು, “ಅಲ್ಲೇ ಇರ್ಲಿ. ಕೂಸಿಗಿಂತ ನನ್ನ ಚಾ ದೊಡ್ಡದೇನು? ನಾ ಪಡಸಾಲ್ಯಾಗ ಮೂರು ಕಲ್ಲು ಇಟ್ಟು ಒಲಿ ಹೂಡ್ತೀನಿ.”

ಬಾಣಂತಿಯ ಮನೆಯಿಂದ ಬರಿಗೈಯಲ್ಲಿ ಹೊರಡಬಾರದು ಎಂದು ನಮ್ಮಲ್ಲಿ ಶಾಸ್ತ್ರವಿದೆ. ಗಂಟಿಲ್ಲದೆ ಬಸ್ಸಿಳಿದ ಹೆಂಗಸನ್ನು ಊರು ಬೇರೆ ಕಣ್ಣಿಂದ ನೋಡುತ್ತದೆ, ಅಳಿಯನ ಮನೆಯಲ್ಲಿ ಏನೋ ಮನಸ್ತಾಪ ಎಂದು ಕತೆ ಕಟ್ಟುತ್ತದೆ. ಮಗಳ ಮೈ ಗಟ್ಟಿಯಾದ ಮೇಲೆ ನಾವು ಹೊರಟಾಗ ಶಾವಂತ್ರೆವ್ವ ಕಾವು ಹೊಕ್ಕೀತೆಂದು ಬೇರೆ ಗಂಟನ್ನೂ ಕಟ್ಟದೆ, ಇಳಕಲ್ಲ ಸೀರೆಯನ್ನು ಕೋಣೆಯಲ್ಲೇ ಬಿಟ್ಟಳು. ಮಡಿಸಿ ಸಹ ಇಡಲಿಲ್ಲ, ಮಡಿಕೆಯಲ್ಲಿ ಎಲ್ಲಿ ಗಂಟು ಬಿದ್ದೀತೋ ಎಂದು ಭಯ. ಅದನ್ನು ತೊಟ್ಟಿಲೊಳಗೆ ಹಾಸಿ, “ಯಾರೂ ಇದರ ಮೂಲಿಗೆ ಮೂಲಿ ಕೂಡಸಬ್ಯಾಡ್ರಿ” ಎಂದು ತಾಯಮ್ಮನವರ ಕೈ ಹಿಡಿದು ಹೇಳಿದಳು. ಎರಡು ಕೈ ಬೀಸಿಕೊಂಡು ಊರಿನಲ್ಲಿ ಬಸ್ಸಿಳಿದಳು. ಊರು ಆಡಿಕೊಳ್ಳುವಷ್ಟು ಆಡಿಕೊಂಡಿತು. ಉತ್ತರ ಕೊಡಲು ಅವಳಿಗೆ ನಾಚಿಕೆಯಾದ ಕಡೆ ನಾನು ಕೊಟ್ಟೆ, ನನಗೆ ಆ ರೋಗವಿಲ್ಲ.

ಒಂದು ವರ್ಷ ಅವರ ಮನೆಯ ಅಡುಗೆ ಪಡಸಾಲೆಯಲ್ಲೇ ನಡೆಯಿತು, ತೂಗಾಡುವ ಛತ್ರಿಗಳ ಕೆಳಗೆ. ಅಡುಗೆಮನೆಯಲ್ಲಿ ಹಾಲು ಮೊಸರು ಕೆಡದೆ ಇರುತ್ತಿದ್ದವು, ಅಷ್ಟೇ ಲಾಭ. ಅದರ ಬಾಗಿಲನ್ನು ಶಾವಂತ್ರೆವ್ವ ಮುಚ್ಚಿರಲಿಲ್ಲ, ಆದರೆ ದಾಟುವಾಗ ಸೆರಗು ಹೊದ್ದು ದಾಟುತ್ತಿದ್ದಳು. ಭಾವ ರೊಟ್ಟಿ ಬಡಿಯುವುದನ್ನು ಕಲಿಯುತ್ತೇನೆಂದು ಹಟ ಹಿಡಿದರು. ಅವರು ಬಡಿದ ರೊಟ್ಟಿಗಳು ಛತ್ರಿಯ ತೇಪೆಗಳ ಆಕಾರದಲ್ಲಿ ಇರುತ್ತಿದ್ದವು. ಅವಳು ತಪ್ಪು ಹೇಳದೆ ತಿಂದಳು. ಇತ್ತ ಊರಿನಲ್ಲಿ ಸುದ್ದಿ ಹರಡಿ, ಒಂದಿಬ್ಬರು ತಾವೂ ಒಲೆಯ ಮುಂದೆ ಗಂಟು ಕಟ್ಟಲು ಹೊರಟವರು, ಅವಳ ಅಡುಗೆಮನೆಗೆ ಬಂದು ಕೈಯಿಟ್ಟು ನೋಡಿ ಸುಮ್ಮನೆ ಹಿಂದಿರುಗಿದರು.

ಮುಂದಿನ ಪಂಚಮಿಗೆ ಸುವರ್ಣಾ ತವರಿಗೆ ಬಂದಳು. ಕೂಸು ಅವಳ ಸೊಂಟದ ಮೇಲೆ ಕೂತು ಎರಡು ಹಲ್ಲು ತೋರಿಸುತ್ತಿತ್ತು. ಇನ್ನೊಂದು ಕೈಯಲ್ಲಿ ಇಳಕಲ್ಲ ಸೀರೆಯ ಗಂಟು. ನಾನು ಬಾಗಿಲಲ್ಲೇ ಕೇಳಿದೆ, “ಏನ ಕಟ್ಟೀದಿ?” ಅವಳು ಹೇಳಿದಳು, “ಕುಂತಲ್ಲೇ ಕಟ್ಟೀನಿ ಚಿಗವ್ವ.” ಶಾವಂತ್ರೆವ್ವ ಬೆಚ್ಚಿದಳು. “ಯಾಕ ತಂದಿ? ಕೂಸಿಗೆ ಅಲ್ಲಿ ಬೇಕಾಗಿತ್ತಲ್ಲ.” “ಅತ್ತೀನ ಕಟ್ಟಿಸಿದ್ರು ಅವ್ವಾ. ಈ ಹುಡಿಗಿ ಈಗ ಮಂಜಿನ್ಯಾಗ ಅಂಗಿ ಕಿತ್ತೊಗದು ಅಂಬೆಗಾಲು ಇಡ್ತಾಳ, ಇದಕ್ಕಿನ್ನ ನಿಮ್ಮವ್ವನ ಒಲಿ ಯಾಕ, ಕೊಟ್ಟು ಬಾ ಅಂದ್ರು.” ಸುವರ್ಣಾ ಕೂಸನ್ನು ನನ್ನ ಕೈಗಿತ್ತು, ಚಪ್ಪಲಿ ಬಿಟ್ಟು, ನೇರ ಅಡುಗೆಮನೆಗೆ ಹೋಗಿ ತಣ್ಣನೆಯ ಒಲೆಯ ಮುಂದೆ ಕೂತು ಗಂಟು ಬಿಚ್ಚಿದಳು.

ಬೆಳ್ಳುಳ್ಳಿ ಮೊದಲು ಬಂತು, ಹೋದಾಗ ಹೇಗೆ ಹೋಗಿತ್ತೋ ಹಾಗೆ. ಅದರ ಹಿಂದೆ ಲೋಬಾನ, ಎಳೆಗೂಸಿನ ತಲೆಯ ಎಣ್ಣೆ, ಕಕ್ಕಿದ ಹಾಲು, ಅಲ್ಲಿ ವರ್ಷವೆಲ್ಲ ಕೂಡಿದ್ದು. ಹೊರಗೆ ಮಳೆ ಇರಲಿಲ್ಲ, ಆದರೂ ಮಾಡಿನ ಮೇಲೆ ಮಳೆಯ ಸದ್ದಾಯಿತು. ಭಾವ ಕಡ್ಡಿ ಗೀರಿದರು. ಒಂದೇ ಕಡ್ಡಿಗೆ ಒಲೆ ಹತ್ತಿತು. ಹಿಂದಿನ ಬಾಗಿಲಿನಿಂದ ಬೆಕ್ಕು ಒಳಗೆ ಬಂದು, ಯಾರನ್ನೂ ನೋಡದೆ, ಬೂದಿಯ ಹತ್ತಿರ ಮಲಗಿತು.

ಶಾವಂತ್ರೆವ್ವ ಹೊಸ್ತಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಮಗಳನ್ನು ಅತ್ತ ಸರಿಸಿ, ತನ್ನ ಜಾಗದಲ್ಲಿ ಕೂತಳು. ಹಂಚು ಇಟ್ಟಳು. ಎಸರು ಹೊಯ್ದು ಒಂದೇ ಒಂದು ರೊಟ್ಟಿಗಾಗುವಷ್ಟು ಹಿಟ್ಟು ನಾದಿ, ಅವಸರ ಮಾಡದೆ ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ರೊಟ್ಟಿ ತುಂಬಿಕೊಂಡು ಉಬ್ಬಿತು. ಅದನ್ನು ಸೆರಗಿನಲ್ಲಿ ಹಿಡಿದು ಗಂಡನ ಕೈಗೆ ಕೊಟ್ಟಳು. “ತಗೋರಿ” ಎಂದಳು, “ಆವತ್ತ ಬಸ್ಸಿಗೆ ಹೊತ್ತಾಗಿತ್ತು.”